ಶ್ರೀರಾಯರ ವೈಫೈ
ಅತ್ತೆ-ಮಾವ ಅಮೆರಿಕದ ಎಡಿಸನ್ನಿಗೆ ಬಂದಿಳಿದ ದಿನವೇ ನಮ್ಮವರು ಅವರಿಬ್ಬರ ಫೋನನ್ನೂ ಗೆಸ್ಟ್ ವೈಫೈಗೆ ಸೇರಿಸಿಬಿಟ್ಟರು. ಇರುವುದು ಆರು ತಿಂಗಳು, ಅದರ ಪಾಸ್‌ವರ್ಡೂ ಸುಲಭ ಎಂಬುದು ಅವರ ವಾದ. ಫೋನಿನ ಮೇಲೆ ಆ ಹೆಸರು ಕಂಡದ್ದೇ ತಡ, ಮಾವ ಕನ್ನಡಕ ಹಣೆಗೇರಿಸಿ, "ಹೆತ್ತವರು ಯಾವಾಗಿಂದಪ್ಪಾ ಗೆಸ್ಟ್ ಆಗಿದ್ದು?" ಎಂದರು. ಅತ್ತೆ ತುಟಿಪಿಟಕ್ಕೆನ್ನಲಿಲ್ಲ. ಬಿಚ್ಚುತ್ತಿದ್ದ ಚಟ್ನಿಪುಡಿ ಡಬ್ಬದ ಮುಚ್ಚಳವನ್ನು ಮತ್ತೆ ಬಿಗಿ ಮಾಡಿದರು.

ಗೆಸ್ಟ್ ವೈಫೈನ ಸ್ವಭಾವವೇ ಅಂಥದ್ದು. ಇಂಟರ್‌ನೆಟ್ ಧಾರಾಳವಾಗಿ ಕೊಡುತ್ತದೆ, ಮನೆಯೊಳಗಿನ ಟಿವಿ, ಪ್ರಿಂಟರನ್ನು ಮಾತ್ರ ಕಣ್ಣಿಗೆ ಬೀಳಗೊಡುವುದಿಲ್ಲ. ಊರಿನ ರಾತ್ರಿ 7.30ರ ಧಾರಾವಾಹಿ ಬೇಸಿಗೆಯಲ್ಲಿ ನಮಗೆ ಬೆಳಗಿನ 10 ಗಂಟೆಗೆ. ಅತ್ತೆಯ ಫೋನಿನಲ್ಲಿ ಸೊಸೆ ಅಳುತ್ತಿದ್ದಾಳೆ, ಟಿವಿಗೆ ಬರಲೊಲ್ಲಳು.

ರೂಟರಿನ ಉಸ್ತುವಾರಿ ನನ್ನದು. 192.168.1.1 ಹೊಡೆದು ಒಳಹೊಕ್ಕು ಪಾಸ್‌ವರ್ಡ್ ನೋಡಿಕೊಂಡು, ಅತ್ತೆಯ ಫೋನನ್ನು ಮನೆಯ ವೈಫೈಗೆ ಬದಲಿಸಿದೆ. ಈಗಿನ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಗುರುತು ಹೇಳುತ್ತವಲ್ಲ, ರೂಟರ್ ತಕ್ಷಣ 'ಅಪರಿಚಿತ ಸಾಧನ' ಎಂದು ಎಚ್ಚರಿಸಿತು. "ಬಂದಾಗ ಗೆಸ್ಟು, ಈಗ ಅಪರಿಚಿತಳು. ನಾಳೆ ಏನೋ!" ಎಂದರು ಅತ್ತೆ.

ಮಾವನಿಗೆ ಮಾತ್ರ ಹುರುಪು ಹತ್ತಿತು. ರೂಟರ್ ವಿಳಾಸ ಹಂಚುವುದು ಹೇಗೆಂದು ಕೇಳಿದರು. ಬಂದವರಿಗೆ ಬಂದ ಹಾಗೆ ಖಾಲಿಯಿದ್ದ ನಂಬರು ಕೊಡುತ್ತದೆ, ನಂಬರು ಬದಲಾದರೆ ಪ್ರಿಂಟರ್ ಕಾಣೆಯಾಗುತ್ತದೆ, ಅದಕ್ಕೇ ಅದರ ನಂಬರನ್ನು ಕಾಯ್ದಿರಿಸಬೇಕು ಎಂದೆ. "ಗೊತ್ತಾಯ್ತು ಬಿಡಮ್ಮಾ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕೋದು!" ನಮ್ಮವರು ಇದನ್ನೇ ಅರ್ಧ ಗಂಟೆ ಬೋರ್ಡು ಬರೆದು ವಿವರಿಸಿಯಾರು.

ಆಮೇಲೆ ವೈಫೈ ಹೆಸರೇ ಬದಲಾಗಬೇಕೆಂದರು, ಅದೂ ಕನ್ನಡದಲ್ಲಿ, 'ಶ್ರೀರಾಘವೇಂದ್ರ' ಎಂದು. ಹೆಸರಿಗೆ ಇರುವುದೇ 32 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಸಾಕು, ಕನ್ನಡಕ್ಕೆ ಅಕ್ಷರ, ಗುಣಿತದ ಚಿಹ್ನೆ ಪ್ರತಿಯೊಂದಕ್ಕೂ 3. 'ಶ್ರೀ'ಯೇ 12 ನುಂಗಿತು, 'ರಾಘವೇಂದ್ರ'ಕ್ಕೆ 27.

"ಶ್ರೀ ಬಿಟ್ಟರೆ ಹಿಡಿಸುತ್ತೆ ಮಾವ."

"ಶ್ರೀ ಬಿಟ್ಟು ಕರೆಯೋಕೆ ಅವರೇನು ನಿನ್ನ ಕ್ಲಾಸ್‌ಮೇಟಾ?"

ಕೊನೆಗೆ 'ಶ್ರೀರಾಯರು' 27ರಲ್ಲಿ ಕೂತಿತು. ಅತ್ತೆ ಕೈಮುಗಿದರು, ಚಟ್ನಿಪುಡಿ ಹೊರಬಂತು.

ಹೆಸರು ಬದಲಾದೊಡನೆ ಡೋರ್‌ಬೆಲ್, ಥರ್ಮೋಸ್ಟ್ಯಾಟ್, ಬಲ್ಬುಗಳೆಲ್ಲ ಕೈಕೊಟ್ಟವು. ಹಳೆಯ ಹೆಸರು ಬಿಟ್ಟು ಬೇರೇನೂ ಅರಿಯದ ಪಾಪದವು. ಅವಕ್ಕೆಲ್ಲ ಶ್ರೀರಾಯರ ಪರಿಚಯ ಮಾಡಿಸುವ ಕೆಲಸವನ್ನು ನಮ್ಮವರಿಗೆ ವಹಿಸಿದೆ, ನ್ಯಾಯವಾಗಿ ಅವರದ್ದೇ. ಬಲ್ಬಿಗೆ ಹಳೆಯದು ಮರೆಯಬೇಕಾದರೆ ಸ್ವಿಚ್ಚನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸಬೇಕು. ಅವರು ಗೋಡೆಗಂಟಿ ಟಕ್ ಟಕ್ ಎನ್ನಿಸುತ್ತಿದ್ದರೆ ಮಾವ ಗಟ್ಟಿಯಾಗಿ ಎಣಿಸುತ್ತಿದ್ದರು. ಒಳಗಿನಿಂದ ಅತ್ತೆ ಕೂಗಿದರು: "ಇದೇನ್ರೀ, ಅಮೆರಿಕದಲ್ಲೂ ಲೋಡ್‌ಶೆಡ್ಡಿಂಗಾ?"