ಕಾಲೇಜು ಲ್ಯಾಪ್‌ಟಾಪ್ ಕೊಳ್ಳುವ ಅಪ್ಪಂದಿರಿಗೆ ಕೈಪಿಡಿ

ಬಳಸುವ ಮುನ್ನ ಓದಿ

ಸಿಇಟಿ ಸುತ್ತುಗಳಲ್ಲಿ ಸುತ್ತಿ, ಮಗಳ ಸೀಟು ಗಟ್ಟಿಮಾಡಿಕೊಂಡು, ಫೀಸು ಕಟ್ಟಿ, ಹಾಸ್ಟೆಲಿಗೆ ಹಾಸಿಗೆ, ಬಕೆಟ್ಟು, ಬೀಗ ಒದಗಿಸಿ ಈಗಷ್ಟೇ ಕೂತಿರುವ ತಂದೆಯವರೇ, ಏಳಿ. ಲ್ಯಾಪ್‌ಟಾಪ್ ಬಾಕಿ ಇದೆ. ಲ್ಯಾಪ್‌ಟಾಪಿನ ಡಬ್ಬದಲ್ಲಿ ಅದಕ್ಕೊಂದು ಕೈಪಿಡಿ ಇದ್ದೇ ಇರುತ್ತದೆ, ಯಾರೂ ಓದುವುದಿಲ್ಲ. ಇದು ಅದಲ್ಲ. ಇದು ನಿಮ್ಮನ್ನು ನೀವು ಚಾಲೂ ಮಾಡಿಕೊಳ್ಳುವ ವಿಧಾನ.

ಡಬ್ಬದೊಳಗೆ ಏನೇನಿದೆ

ಅಪ್ಪ, ಒಂದು. ಮಗಳು, ಒಂದು. ಬಜೆಟ್ಟು, ಒಂದು: 45 ಸಾವಿರ ರೂಪಾಯಿ. ಅದರಲ್ಲಿ 15 ಸಾವಿರ ಅಮ್ಮನ ಚೀಟಿ ದುಡ್ಡಾದ್ದರಿಂದ ಕೊನೆಯ ಮಾತು ಅಮ್ಮನದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಮಾವ, ಒಂದು. ಈ ಬಿಡಿಭಾಗವನ್ನು ನೀವು ಕೇಳಿರುವುದಿಲ್ಲ, ಆದರೂ ಎಲ್ಲ ಡಬ್ಬದಲ್ಲೂ ಬರುತ್ತದೆ. ಅವನಿಗೆ ಅವನ ಕಂಪನಿಯೇ ಲ್ಯಾಪ್‌ಟಾಪ್ ಕೊಟ್ಟಿರುವುದರಿಂದ ಸ್ವಂತ ದುಡ್ಡಿನಲ್ಲಿ ಕೊಂಡು ಗೊತ್ತಿಲ್ಲ. ಅಭಿಪ್ರಾಯ ಮಾತ್ರ ಧಾರಾಳ. “ಭಾವ, ಒಂದ್ಸಲ ತಗೊಳ್ಳೋದು, ಮ್ಯಾಕೇ ತಗೊಂಡ್ಬಿಡಿ” ಎನ್ನುತ್ತಾನೆ. ಮ್ಯಾಕ್ ಒಳ್ಳೆಯದೇ. ಆದರೆ ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್ ಆಗಲಿ, ಬಿಕಾಂನವರ ಟ್ಯಾಲಿ ಆಗಲಿ ಅದರಲ್ಲಿ ನೇರವಾಗಿ ಓಡುವುದಿಲ್ಲ, ಎರಡಕ್ಕೂ ವಿಂಡೋಸ್ ಬೇಕು. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿಯ ಸರಕು ಎಂಬ ಅಭಿಮಾನದಿಂದಲೂ ಓಡುವುದಿಲ್ಲ.

ಜೋಡಣೆಗೆ ಮುನ್ನ: ಕೈ ಕಟ್ಟಿಕೊಂಡು ಕೂರಿ

ಇಡೀ ಕೈಪಿಡಿಯಲ್ಲಿ ಮುಖ್ಯವಾದ ಸೂಚನೆ ಇದು, ಪಾಲಿಸಲು ಕಷ್ಟವಾದದ್ದೂ ಇದೇ. ಕಾಲೇಜು ಶುರುವಾಗುವ ಮುನ್ನ ಲ್ಯಾಪ್‌ಟಾಪ್ ಕೊಳ್ಳಬೇಡಿ.

ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷ ಅರ್ಧ ಮಕ್ಕಳು ಫಿಸಿಕ್ಸ್ ಸೈಕಲ್, ಇನ್ನರ್ಧ ಕೆಮಿಸ್ಟ್ರಿ ಸೈಕಲ್. ಮುಂದಿನ ಸೆಮಿಸ್ಟರಿಗೆ ಅದಲು ಬದಲು. ಆ ವರ್ಷ ಕಲಿಯುವ ಸಿ ಪ್ರೋಗ್ರಾಂ ಎಂದರೆ ಸಂಖ್ಯೆ ಸಮವೋ ಬೆಸವೋ ನೋಡು, ಮ್ಯಾಟ್ರಿಕ್ಸ್ ಗುಣಿಸು, ಈ ಥರದ್ದು. ಹತ್ತು ವರ್ಷ ಹಳೆಯ ಕಂಪ್ಯೂಟರಿಗೂ ಇದರಿಂದ ಬೆವರು ಬರುವುದಿಲ್ಲ. ಲ್ಯಾಬಿನಲ್ಲಿ ಕಂಪ್ಯೂಟರ್ ಇರುತ್ತದೆ, ಅದರ ಖರ್ಚನ್ನೂ ಫೀಸಿನಲ್ಲಿ ನೀವೇ ಕಟ್ಟಿದ್ದೀರಿ. ಸಿಇಟಿಯ ಮುಂದಿನ ಸುತ್ತಿನಲ್ಲಿ ಸಿವಿಲ್ ಸೀಟು ಕಂಪ್ಯೂಟರ್ ಸೈನ್ಸ್ ಆಗಬಹುದು. ಆಗ ಸಿವಿಲ್‌ಗೆಂದು ತಂದ ದಪ್ಪ ಗ್ರಾಫಿಕ್ಸಿನ ಲ್ಯಾಪ್‌ಟಾಪನ್ನು ಅಂಗಡಿಯವರು ವಾಪಸು ತಗೊಳ್ಳುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಎರಡು ತಿಂಗಳು ಕಳೆದರೆ ಮಗಳಿಗೆ ಅದೇ ಬ್ರಾಂಚಿನ ಸೀನಿಯರುಗಳು ಪರಿಚಯವಾಗಿರುತ್ತಾರೆ. ಮೂರನೇ ವರ್ಷದ ಹುಡುಗಿಯೊಬ್ಬಳು ಹೇಳುವ ಎರಡು ವಾಕ್ಯ ಸೋದರಮಾವನ ಎರಡು ಗಂಟೆಯ ಫೋನಿಗಿಂತ ತೂಕದ್ದು.

ಈ ಅವಧಿಯಲ್ಲಿ ನೆಂಟರು “ಲ್ಯಾಪ್‌ಟಾಪ್ ಕೊಡ್ಸಿಲ್ವಾ?” ಎಂದು ಕೇಳುತ್ತಾರೆ. “ಹೊಸ ಮಾಡೆಲ್ ಬರ್ತಾ ಇದೆಯಂತೆ, ಕಾಯ್ತಾ ಇದ್ದೀವಿ” ಎನ್ನಿ. ಇದು ಯಾವ ತಿಂಗಳಲ್ಲಿ ಹೇಳಿದರೂ ಸುಳ್ಳಾಗುವುದಿಲ್ಲ.

ಸ್ಟಿಕ್ಕರ್ ಓದುವ ಕ್ರಮ

ಅಂಗಡಿಗೆ ಕಾಲಿಟ್ಟ ಕೂಡಲೇ ಹುಡುಗನೊಬ್ಬ “ಐ7 ಇದೆ ಸರ್, ಲಾಸ್ಟ್ ಪೀಸ್” ಎನ್ನುತ್ತಾನೆ. ಐ7 ಎಂದರೆ ಐ5ಕ್ಕಿಂತ ಎರಡು ಹೆಚ್ಚು ಎಂದು ತಿಳಿಯುವುದು ಗಣಿತದಲ್ಲಿ ಸರಿ, ಲ್ಯಾಪ್‌ಟಾಪಿನಲ್ಲಿ ಅಲ್ಲ. ಐ7ರ ಮುಂದಿರುವ ಉದ್ದ ಸಂಖ್ಯೆಯನ್ನು ನೋಡಿ, ತಲೆಮಾರು ಅಲ್ಲಿದೆ. 7500ಯು ಎಂದಿದ್ದರೆ 7ನೇ ತಲೆಮಾರು, ಒಳಗಿರುವುದು ಎರಡೇ ಕೋರ್. ಪಕ್ಕದಲ್ಲಿ ಬಡಪಾಯಿಯಂತೆ ಕೂತಿರುವ ಐ3-1215ಯು 12ನೇ ತಲೆಮಾರು, ಅದರೊಳಗೆ ಆರು ಕೋರ್. ಮುಂದೆ 2023ರಲ್ಲಿ ಇಂಟೆಲ್ ಕಂಪನಿ ಆ ‘ಐ’ಯನ್ನೇ ಹೊಸ ಹೆಸರುಗಳಿಂದ ಕೈಬಿಡುವುದಾಗಿ ಸಾರಿತು. ಅಪ್ಪಂದಿರು ಆಗಷ್ಟೇ ಅರ್ಥಮಾಡಿಕೊಳ್ಳಲು ಶುರುಮಾಡಿದ್ದರು ಎಂಬುದು ಬಿಟ್ಟರೆ ಬೇರೆ ಕಾರಣ ನನಗೆ ತೋಚುವುದಿಲ್ಲ.

ಎಎಂಡಿ ಇನ್ನೂ ಚತುರ. ರೈಜನ್ 5 7520ಯು ಮತ್ತು ರೈಜನ್ 5 7530ಯು ಎಂಬ ಎರಡು ಪ್ರೊಸೆಸರುಗಳ ಲ್ಯಾಪ್‌ಟಾಪುಗಳು ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರುವುದುಂಟು. ಸಂಖ್ಯೆಯಲ್ಲಿ ಹತ್ತರ ವ್ಯತ್ಯಾಸ, ಹೊಟ್ಟೆಯಲ್ಲಿ ಬೇರೆ ಕಥೆ. ಈ ಸಾಲಿನಲ್ಲಿ ಮೊದಲಂಕಿ ಮಾಡೆಲ್ಲಿನ ವರ್ಷವನ್ನು ಹೇಳುತ್ತದೆ, ಮೂರನೆಯದು ಒಳಗಿನ ವಿನ್ಯಾಸವನ್ನು. 7520ರ ಮೂರನೇ ಅಂಕಿ 2: ಅದರದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸ, ಕೋರ್ ನಾಲ್ಕು. 7530ರದು ಝೆನ್ 3, ಕೋರ್ ಆರು. ಹಳೇ ಮನೆಗೆ ಹೊಸ ಡೋರ್ ನಂಬರು ಬರೆಯುವುದು ಕಾನೂನುಬದ್ಧ, ಎಲ್ಲವೂ ಕಂಪನಿಯ ಪಟ್ಟಿಯಲ್ಲಿ ಬಹಿರಂಗವಾಗಿಯೇ ಇದೆ. ಓದುವವರು ಇರಬೇಕಷ್ಟೆ. 45 ಸಾವಿರದೊಳಗೆ ಕೊಳ್ಳುವವರು ತಮ್ಮ ಬುದ್ಧಿಯನ್ನೆಲ್ಲ ಈ ಒಂದು ಅಂಕಿಯ ಮೇಲೆ ಖರ್ಚುಮಾಡಿದರೂ ನಷ್ಟವಿಲ್ಲ.

ಸೆಲೆರಾನ್ ಎಂದು ಬರೆದಿದ್ದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಇನ್ನು ರ‍್ಯಾಮು. ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ಉಗ್ರಾಣವಾದರೆ ರ‍್ಯಾಮ್ ಊಟದ ಬಾಳೆ ಎಲೆ. ಉಗ್ರಾಣದಲ್ಲಿ ಎಷ್ಟೇ ತುಂಬಿರಲಿ, ಎಲೆ ಚಿಕ್ಕದಾದರೆ ಪಾಯಸ ಹರಿದು ಸಾರಿಗೆ ಸೇರುತ್ತದೆ. 8 ಜಿಬಿ ಎಲೆಯಲ್ಲಿ ವಿಂಡೋಸ್ 11 ಮೊದಲೇ ಚಿತ್ರಾನ್ನ ಬಡಿಸಿಕೊಂಡು ಕೂತಿರುತ್ತದೆ. ಮೇಲೆ ಇಪ್ಪತ್ತು ಟ್ಯಾಬ್ ತೆರೆದ ಕ್ರೋಮ್, ಪಕ್ಕದಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಬಂದರೆ ಜಾಗವೆಲ್ಲಿ? 16 ಜಿಬಿ ಇರಲಿ. ಬಜೆಟ್ಟಿಗೆ ಬರುವುದಿಲ್ಲವೆ? ಹಾಗಾದರೆ 8 ಜಿಬಿಯದನ್ನೇ ಕೊಳ್ಳಿ, ಆದರೆ ಅಂಗಡಿಯವರಿಗೆ ಒಂದು ಪ್ರಶ್ನೆ ಹಾಕಿ: “ಇನ್ನೊಂದು ರ‍್ಯಾಮ್ ಹಾಕೋಕೆ ಸ್ಲಾಟ್ ಖಾಲಿ ಇದೆಯಾ?” ಇದೆ ಎಂದರೆ ಮುಂದಿನ ವರ್ಷ ಇನ್ನೊಂದು 8 ಜಿಬಿ ಸೇರಿಸಬಹುದು, ಎರಡು ಕಡ್ಡಿ ಜೋಡಿಯಾಗಿ ನಿಂತಾಗ ಒಳಗಿನ ಗ್ರಾಫಿಕ್ಸೂ ಸ್ವಲ್ಪ ಚುರುಕಾಗುತ್ತದೆ. ಬೋರ್ಡಿಗೇ ಬೆಸುಗೆ ಹಾಕಿರುವ ರ‍್ಯಾಮಾದರೆ ಹುಟ್ಟಿದಾಗ ಎಷ್ಟೋ ಸಾಯುವವರೆಗೂ ಅಷ್ಟೆ. ಮೇಲೆ ಹೇಳಿದ 7520ಯು ಬಗೆಯವಕ್ಕೆಲ್ಲ ಬೆಸುಗೆ ರ‍್ಯಾಮೇ. ಹುಡುಗ ತಡವರಿಸಿದರೆ ಮಾಡೆಲ್ ಸಂಖ್ಯೆ ಬರೆದುಕೊಂಡು ಹೊರಗೆ ಬಂದು ಕಂಪನಿಯ ಜಾಲತಾಣದಲ್ಲಿ ನೋಡಿ. ಎದುರಿಗೆ ಚಹಾ ಅಂಗಡಿ ಇದ್ದೇ ಇರುತ್ತದೆ.

ಪರದೆಯ ಬಗ್ಗೆ ಎರಡೇ ಮಾತು. 1920×1080 ಇರಲೇಬೇಕು; ಪಕ್ಕಕ್ಕೆ ಸರಿದು ನೋಡಿದಾಗ ಬಣ್ಣ ಮಾಸಿ ನೆಗೆಟಿವಿನಂತೆ ಕಂಡರೆ ಬೇಡ. ಟಚ್‌ಸ್ಕ್ರೀನ್, ಬೆಳಕಿನ ಕೀಬೋರ್ಡ್, ಮಡಚುವ ಕೀಲು ಇವೆಲ್ಲ ಸೋದರಮಾವನ ಖರ್ಚಿನಲ್ಲಾದರೆ ಇರಲಿ.

ಮಗಳ ಕೋರ್ಸಿಗೆ ತಕ್ಕಂತೆ ಹೊಂದಿಸುವುದು

ಬಿಕಾಂ, ಬಿಎ, ಬಿಎಸ್‌ಸಿ ಮಕ್ಕಳಿಗೆ ಮೇಲೆ ಹೇಳಿದ ಐ3 ಧಾರಾಳ. ಆರ್ಕಿಟೆಕ್ಚರ್, ಸಿವಿಲ್, ಮೆಕ್ಯಾನಿಕಲ್‌ನವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಇದ್ದರೆ ಅನುಕೂಲ, ಅದಕ್ಕೆ ಬಜೆಟ್ಟು ಏರುತ್ತದೆ. ಆದರೆ ಆಟೋಕ್ಯಾಡ್‌ಗೆ ದುಡ್ಡು ಕೊಡಬೇಡಿ, ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ವರ್ಡ್, ಎಕ್ಸೆಲ್ ಕೂಡ ಕಾಲೇಜಿನ ಇಮೇಲ್ ಇದ್ದವರಿಗೆ ಉಚಿತವಾಗಿ ಸಿಗುವ ಏರ್ಪಾಡು ಇದೆ, ಕಾಲೇಜು ಸೇರಿಕೊಂಡಿದೆಯೇ ಕೇಳಿ. ಇಲ್ಲದಿದ್ದರೆ ಲಿಬ್ರೆಆಫೀಸ್ ಎಲ್ಲರಿಗೂ ಪುಕ್ಕಟೆ.

ಸದ್ಯಕ್ಕೆ ನಾಡಿನ ಅರ್ಧ ಮಕ್ಕಳು ಎಐ-ಎಂಎಲ್ ಬ್ರಾಂಚಿನಲ್ಲಿದ್ದಂತೆ ಕಾಣುತ್ತದೆ. ಅವರಲ್ಲಿ ಒಬ್ಬರಾದರೂ “ಅಪ್ಪ, ಮಾಡೆಲ್ ಟ್ರೈನ್ ಮಾಡೋಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಆರ್‌ಟಿಎಕ್ಸ್ ಬೇಕು” ಎಂದು ಕಣ್ಣು ತುಂಬಿಕೊಂಡು ಹೇಳಿರುತ್ತಾರೆ. ಶಾಂತವಾಗಿ “ಕೊಲ್ಯಾಬ್‌ನಲ್ಲಿ ಆಗಲ್ವೇನಮ್ಮ?” ಎನ್ನಿ. ಗೂಗಲ್ ಕೊಲ್ಯಾಬ್‌ನಲ್ಲಿ ಬ್ರೌಸರಿನೊಳಗೇ ಗ್ರಾಫಿಕ್ಸ್ ಕಾರ್ಡನ್ನು ಮಿತಿಯೊಳಗೆ ಉಚಿತವಾಗಿ ಬಳಸಬಹುದು, ಕ್ಲಾಸಿನ ಪ್ರಾಜೆಕ್ಟುಗಳಿಗೆ ಅದು ಬಹುಮಟ್ಟಿಗೆ ಸಾಕು. ಈ ಪ್ರಶ್ನೆಗೆ ಮಗಳು ದಿಟ್ಟಿಸಿ ನೋಡಿ ಮಾತು ಬದಲಿಸಿದರೆ, ಬೇಕಾಗಿದ್ದದ್ದು ಗೇಮಿಗೆ. ಅದೂ ತಪ್ಪಲ್ಲ, ಆದರೆ ಅದಕ್ಕೆ ಅಮ್ಮನ ಚೀಟಿ ಮುಟ್ಟುವಂತಿಲ್ಲ.

ಅಂಗಡಿಯಲ್ಲಿ ಚಾಲನೆ

ಬೆಂಗಳೂರಿಗೆ ಬಂದವರು ಎಸ್‌.ಪಿ. ರೋಡಿಗೆ ಹೋಗಿಯೇ ಹೋಗುತ್ತಾರೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಹೇಳಿದರೆ ಆಟೋದವರೇ ಒಮ್ಮೆ ಯೋಚಿಸುತ್ತಾರೆ. ಹೋಗಿ, ನೋಡಿ, ಕೀಬೋರ್ಡ್ ಒತ್ತಿ, ಎತ್ತಿ ತೂಕ ನೋಡಿ. ಚಾರ್ಜರನ್ನೂ ಸೇರಿಸಿ ಎತ್ತಬೇಕು, ಏಕೆಂದರೆ ಮಗಳು ಬಸ್ಸಿನಲ್ಲಿ ಹೊರುವುದು ಎರಡನ್ನೂ. ನಿಮ್ಮೂರಿನ ಅಂಗಡಿಯಲ್ಲಿ ಒಂದು ಸಾವಿರ ಹೆಚ್ಚಾದರೂ ಆ ಕಂಪನಿಯ ಸರ್ವಿಸ್ ಸೆಂಟರ್ ಕಾಲೇಜಿರುವ ಊರಿನಲ್ಲಿದ್ದರೆ ಅದೇ ಅಗ್ಗ.

“ಬಿಲ್ ಬೇಡಾಂದ್ರೆ ಕಡಿಮೆ ಮಾಡ್ತೀವಿ” ಎಂಬ ಮಾತು ಕೇಳಿಬಂದರೆ ಕಿವುಡರಾಗಿ. ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ 18 ಶೇಕಡ ಎಂಬುದು ನಿಜ, ಹೊಟ್ಟೆ ಉರಿಯುವುದೂ ನಿಜ. ಆದರೆ ಬಿಲ್ಲಿಲ್ಲದ ಲ್ಯಾಪ್‌ಟಾಪು ಕೆಟ್ಟಾಗ ಎಲ್ಲಿಂದ ಬಂತೆಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಹಾಗೆಯೇ, “ಇದು ಡಾಸ್ ಮಾಡೆಲ್ ಸರ್, ನಾಲ್ಕು ಸಾವಿರ ಕಮ್ಮಿ, ವಿಂಡೋಸ್ ನಾವೇ ಹಾಕ್ಕೊಡ್ತೀವಿ” ಎಂದರೆ ಅವರು ಹಾಕುವ ವಿಂಡೋಸ್ ಎಲ್ಲಿಂದ ಬಂತೆಂದು ಊಹಿಸಬಹುದು. ಉಬುಂಟು ಹಾಕಿಕೊಳ್ಳುವ ಧೈರ್ಯ ಮಗಳಿಗಿದ್ದರೆ ಮಾತ್ರ ಇದು ಉಳಿತಾಯ.

ನೋ ಕಾಸ್ಟ್ ಇಎಂಐ ಎಂಬಲ್ಲಿ ನೋ ಎಂಬುದನ್ನು ಸಣ್ಣ ಅಕ್ಷರದಲ್ಲಿ ಓದಿಕೊಳ್ಳಿ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಬೆಲೆಯಲ್ಲಿ ಮೊದಲೇ ಇಳಿಸಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಮಾತ್ರ ನಿಮ್ಮದೇ. ಬ್ಯಾಗು, ಮೌಸು ಫ್ರೀ ಎಂದರೆ ಅವಿಲ್ಲದೆ ಬೆಲೆ ಎಷ್ಟೆಂದು ಕೇಳಿ ನೋಡಿ.

ಸೆಕೆಂಡ್‌ಹ್ಯಾಂಡ್ ವಿಧಾನ

ಬಜೆಟ್ಟು 25 ಸಾವಿರವಾದರೆ ಈ ವಯಸ್ಸಿನ ಮಕ್ಕಳಿಗೆ ನನ್ನ ಮೊದಲ ಓಟು ಹೊಸ ಸೆಲೆರಾನಿಗಲ್ಲ, ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳಿಗೆ. ಗಟ್ಟಿ ಮೈ, ಒಳ್ಳೆಯ ಕೀಬೋರ್ಡು, ಬಹಳಷ್ಟು ಮಾಡೆಲ್‌ಗಳಲ್ಲಿ ರ‍್ಯಾಮ್ ಬದಲಿಸಬಹುದು. ನೋಡಬೇಕಾದದ್ದು ಎರಡು. ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ: ವಿಂಡೋಸ್ 11 ಅಧಿಕೃತವಾಗಿ ಅಲ್ಲಿಂದಲೇ ಶುರು, ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಎರಡನೆಯದು ಬ್ಯಾಟರಿ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ಬ್ಯಾಟರಿರಿಪೋರ್ಟ್ ಎಂದು ಕೂಡಿಸಿ ಬರೆದರೆ ಒಂದು ವರದಿ ತಯಾರಾಗುತ್ತದೆ. ಹುಟ್ಟಿದಾಗಿನ ಸಾಮರ್ಥ್ಯ ಎಷ್ಟು, ಈಗ ಎಷ್ಟು ತುಂಬುತ್ತದೆ, ಎರಡೂ ಅದರಲ್ಲಿವೆ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಶುರುಮಾಡಿ. ಈ ಕಮಾಂಡ್ ಕೊಡುವ ಅಪ್ಪನನ್ನು ಕಂಡ ಅಂಗಡಿಯವರು ಸಾಮಾನ್ಯವಾಗಿ ಕೂರಲು ಸ್ಟೂಲ್ ಕೊಡುತ್ತಾರೆ.

ದೋಷ ನಿವಾರಣೆ

512 ಜಿಬಿ ಎಂದು ಕೊಂಡದ್ದು 476 ಎಂದು ತೋರಿಸುತ್ತಿದೆ. ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ.

ಲ್ಯಾಪ್‌ಟಾಪ್ ಕಾದು ಫ್ಯಾನು ಬೊಬ್ಬೆ ಹಾಕುತ್ತಿದೆ. ಮಗಳು ಅದನ್ನು ಹಾಸಿಗೆಯ ಮೇಲಿಟ್ಟು ರಗ್ಗು ಹೊದಿಸಿ ಸಿನಿಮಾ ನೋಡುತ್ತಿದ್ದಾಳೆ. ಗಾಳಿ ಎಳೆದುಕೊಳ್ಳುವ ಕಿಂಡಿ ಅಡಿಯಲ್ಲಿದೆ. ಎಸ್ಸೆಸ್ಸೆಲ್ಸಿಯ ಎಕ್ಸಾಮ್ ಪ್ಯಾಡ್ ಮನೆಯಲ್ಲೇ ಇರುತ್ತದೆ, ಕೊಟ್ಟು ಕಳಿಸಿ.

ದಸರಾ ರಜೆಯಲ್ಲಿ ಮಗಳು ಬಂದಾಗ ನಿಮಗೆ ಕನ್ನಡದಲ್ಲಿ ಒಂದು ಅರ್ಜಿ ಬರೆಯಬೇಕಿದೆ, ಕೀಲಿಗಳ ಮೇಲೆ ಕನ್ನಡವಿಲ್ಲ. ವಿಂಡೋಸಿನಲ್ಲಿ ಕನ್ನಡ ಸೇರಿಯೇ ಬರುತ್ತದೆ, ಭಾಷೆಯ ಸೆಟ್ಟಿಂಗಿನಲ್ಲಿ ಚಾಲೂ ಮಾಡಿದರಾಯಿತು. ನುಡಿ, ಬರಹ ರೂಢಿಯಿದ್ದವರು ಅದನ್ನೇ ಹಾಕಿಕೊಳ್ಳಬಹುದು. ಮಗಳ ಅನುಮತಿ ಪಡೆಯಿರಿ.

ವಾರಂಟಿ

ಬಿಲ್ಲಿನ ತಾರೀಖನ್ನೂ ಸೀರಿಯಲ್ ನಂಬರನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ, ಕಂಪನಿಯ ಜಾಲತಾಣದಲ್ಲಿ ವಾರಂಟಿ ಎಂದಿನಿಂದ ಶುರು ಎಂದು ಅದೇ ವಾರ ನೋಡಿ; ತಪ್ಪಿದ್ದರೆ ಬಿಲ್ ತೋರಿಸಿ ಸರಿಪಡಿಸಿಕೊಳ್ಳಬಹುದು. ಮಾಮೂಲಿ ವಾರಂಟಿಯಲ್ಲಿ ಬಿದ್ದು ಒಡೆದದ್ದು, ಮೆಸ್ಸಿನ ಸಾಂಬಾರು ಚೆಲ್ಲಿದ್ದು ಸೇರುವುದಿಲ್ಲ, ಅದಕ್ಕೆ ಆಕ್ಸಿಡೆಂಟಲ್ ಕವರ್ ಎಂದು ಬೇರೆ ತಗೊಳ್ಳಬೇಕು. ಹಾಸ್ಟೆಲ್ ಮಕ್ಕಳಿಗೆ ನಾನು ಬೇಡ ಎನ್ನದ ಹೆಚ್ಚುವರಿ ಖರ್ಚು ಇದೊಂದೇ. ಅದಾದಮೇಲೂ ಕೈಯಲ್ಲಿ ಸ್ವಲ್ಪ ಉಳಿದಿದ್ದರೆ ಒಂದು ಪೆನ್‌ಡ್ರೈವ್ ಕೊಡಿಸಿ, ಪ್ರಾಜೆಕ್ಟ್ ರಿಪೋರ್ಟಿನ ಇನ್ನೊಂದು ಪ್ರತಿ ಅದರಲ್ಲಿರಲಿ. ಕೆಟ್ಟ ಎಸ್‌ಎಸ್‌ಡಿಯನ್ನು ಕಂಪನಿಯವರು ಬದಲಿಸಿಕೊಡುತ್ತಾರೆ. ಅದರೊಳಗಿದ್ದ ಫೈಲು ವಾರಂಟಿಗೆ ಬರುವುದಿಲ್ಲ.