ಇಪ್ಪತ್ತು ಕ್ವಿಂಟಲ್ ಹೊರದ ಕಂಪ್ಯೂಟರ್

ತೊಂಬತ್ತರ ದಶಕದ ಮಾತು. ಅಫಜಲಪುರದಲ್ಲಿ ನಮ್ಮದು ತೊಗರಿಯ ಅಡತಿ ಅಂಗಡಿ. ಆಳಂದದ ಸೋದರಮಾವ ಸೊಲ್ಲಾಪುರಕ್ಕೆ ಹೋದಾಗ ನನಗೊಂದು ಟಿವಿ ಗೇಮ್ ತಂದುಕೊಟ್ಟ. ಕೀಬೋರ್ಡ್ ಇದ್ದದ್ದು. ಡಬ್ಬಿಯ ಮೇಲೆ ‘ಕಂಪ್ಯೂಟರ್’ ಎಂದು ಬರೆದಿತ್ತು. ಆ ಒಂದು ಪದ ನನ್ನ ತಲೆಗೇರಿತು.

ಜೊತೆಗಿದ್ದ ಗೇಮ್ ಕ್ಯಾಸೆಟ್ಟಿನಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇತ್ತು. ನನ್ನದು ನಕಲಿ ಡಬ್ಬಿ, ಅದರ ಮೂಲ ಜಪಾನು. 1983ರಲ್ಲಿ ಬಂದ ಫ್ಯಾಮಿಕಾಮ್ ಗೇಮ್ ಯಂತ್ರಕ್ಕೆ ಮರುವರ್ಷವೇ ನಿಂಟೆಂಡೊ, ಶಾರ್ಪ್, ಹಡ್ಸನ್ ಸಾಫ್ಟ್ ಮೂರೂ ಕೂಡಿ ಕೀಬೋರ್ಡ್ ಸಮೇತ ‘ಫ್ಯಾಮಿಲಿ ಬೇಸಿಕ್’ ತಂದಿದ್ದವು. ಅದಕ್ಕೂ ಮೊದಲು ಅಟಾರಿಯವರು ತಮ್ಮ 2600 ಯಂತ್ರಕ್ಕೆ ಬೇಸಿಕ್ ತುರುಕಿದ್ದರು. ಆ ಯಂತ್ರದ ರ್‍ಯಾಮ್ ಎಲ್ಲ ಸೇರಿ 128 ಬೈಟ್. ಅಂಗಡಿಯ ಲೆಕ್ಕ ಬರೆಯುವ ನಮ್ಮ ದಿವಾನಜಿಯ ಕಿಸೆಯ ಚೀಟಿಯಲ್ಲೂ ಅದಕ್ಕಿಂತ ಹೆಚ್ಚು ಅಕ್ಷರ ಹಿಡಿಯುತ್ತಿದ್ದವು.

ಇದೆಲ್ಲ ಆಮೇಲೆ ತಿಳಿದದ್ದು. ಆಗ ನನ್ನ ಹತ್ತಿರ ಇದ್ದದ್ದು ಬಡಾಯಿ ಒಂದೇ. “ಅಪ್ಪಾ, ಇನ್ನ ಮ್ಯಾಲ ಅಂಗಡಿ ಲೆಕ್ಕ ಎಲ್ಲಾ ಇದೇ ಮಾಡ್ತದ್ರಿ” ಎಂದುಬಿಟ್ಟೆ.

ಭಾನುವಾರ ಪಡಸಾಲೆ ತುಂಬಿತು. ಜೇವರ್ಗಿಯಿಂದ ದೊಡ್ಡಪ್ಪ ಬಂದಿದ್ದರು. ದಿವಾನಜಿ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತಿದ್ದ, ಕೆಲಸ ಹೋದವನ ಮುಖ ಹೊತ್ತು. ನಾನು ಒಂದೇ ಬೆರಳಲ್ಲಿ ಕುಟ್ಟತೊಡಗಿದೆ: ತೂಕ ಕೇಳು, ಧಾರಣೆ ಕೇಳು, ಗುಣಿಸು, ತೋರಿಸು. ನಾಲ್ಕೇ ಸಾಲು. ಮೂರನೆಯ ಸಾಲಿಗೆ ಕರೆಂಟ್ ಹೋಯಿತು. ಬಂದಾಗ ಪರದೆ ಬೋಳು. ಜಪಾನಿನವರು ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಡುತ್ತಿದ್ದರು. ನಮ್ಮ ನಕಲಿ ಡಬ್ಬಿಗೆ ಅದನ್ನು ಜೋಡಿಸುವ ತೂತೇ ಇರಲಿಲ್ಲ. ಮೂರು ಸಲ ಕರೆಂಟ್ ಹೋಯಿತು, ಮೂರು ಸಲ ಕುಟ್ಟಿದೆ, ಮೂರು ಸಲ ಅವ್ವ ಚಹಾ ಕೊಟ್ಟಳು.

ಕಡೆಗೂ ಓಡಿತು. ಹತ್ತು ಕ್ವಿಂಟಲ್, ಲೆಕ್ಕಕ್ಕೆ ಎರಡು ಸಾವಿರ ಧಾರಣೆ: 20000. ದಿವಾನಜಿ ಉಗುಳು ನುಂಗಿದ.

“ನಂದು ಇಪ್ಪತ್ತು ಕ್ವಿಂಟಲ್ ಅದ, ಹಾಕಪಾ” ಎಂದರು ದೊಡ್ಡಪ್ಪ. ಹಾಕಿದೆ. ಪರದೆಯ ಮೇಲೆ ಬಂತು: ‘ಓ.ವಿ. ಎರರ್’.

“ಏನಂತದ?”

“ಮಾಲು ಹೆಚ್ಚಾಯ್ತು ಅಂತದ್ರಿ.”

“ನನ್ನ ತೊಗರಿ ಹೆಚ್ಚಾಯ್ತಂತ ಹೇಳ್ಲಕ ಇದ್ಯಾವನಲೇ?”

ಪಾಪ, ಅದರ ತಪ್ಪಲ್ಲ. ಆ ಬೇಸಿಕ್‌ಗೆ ಒಂದು ಸಂಖ್ಯೆಗೆ ಸಿಕ್ಕದ್ದು 16 ಬಿಟ್. ಅದರಲ್ಲಿ ಹಿಡಿಯುವ ಸಂಖ್ಯೆಗಳಲ್ಲಿ ಅರ್ಧ ಪಾಲು ಸಾಲದ ಕಡೆಗೆ, ಅಂದರೆ ಮೈನಸ್ಸಿಗೆ ಹೋಗಿತ್ತು. ಉಳಿದದ್ದರಲ್ಲಿ ಅದು 32,767ರವರೆಗೆ ಎಣಿಸುತ್ತಿತ್ತು, ಆಮೇಲೆ ಕೈ ಎತ್ತುತ್ತಿತ್ತು. ದಶಮಾಂಶವಂತೂ ಗೊತ್ತೇ ಇರಲಿಲ್ಲ. ಅರ್ಧ ಕ್ವಿಂಟಲ್ ತಂದ ರೈತ ಅದರ ಪಾಲಿಗೆ ಹುಟ್ಟಿಯೇ ಇರಲಿಲ್ಲ.

“ನಲವತ್ತು ಸಾವಿರ್ರೀ” ಎಂದ ದಿವಾನಜಿ ಬಾಗಿಲಿಂದಲೇ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಚಹಾ ಕೇಳಿದ.

ಮಾನ ಉಳಿಸಿಕೊಳ್ಳಲು ನಾನು ಪುಸ್ತಿಕೆ ತಿರುವಿದೆ. ಆ ಬೇಸಿಕ್ಕಿನಲ್ಲಿ ಗೊಂಬೆಗಳನ್ನು ಮೊದಲೇ ತುಂಬಿಟ್ಟಿದ್ದರು. ಒಂದೆರಡು ಸಾಲಿಗೇ ಮೀಸೆಯ ಮಾರಿಯೊ ಎದ್ದು, ಪರದೆಯ ಈ ಅಂಚಿನಿಂದ ಆ ಅಂಚಿಗೆ ಗತ್ತಿನಿಂದ ನಡೆಯತೊಡಗಿದ.

ಅಪ್ಪ ಬಹಳ ಹೊತ್ತು ನೋಡಿದರು.

“ಲೆಕ್ಕ ಬರಂಗಿಲ್ಲ. ಸುಮ್ನ ಅಡ್ಡಾಡ್ಲಕ ಬರ್ತದ.” ಆಮೇಲೆ ನನ್ನ ಕಡೆ ತಿರುಗಿದರು. “ನಿನಗಂತನೇ ಮಾಡಿಸ್ಯಾರ ನೋಡು.”