ಅತ್ತೆಯ ಸೀರಿಯಲ್ಲೂ ನನ್ನ ಮೆಮೊರಿ ಸುಧಾರಣೆಯೂ

ಸರಿಯಾಗಿ ಓಡುತ್ತಿರುವುದನ್ನು ಬಿಚ್ಚಿ ನೋಡದಿದ್ದರೆ ಎಂಜಿನಿಯರ್ ಜನ್ಮ ಸಾರ್ಥಕವಾಗುವುದಿಲ್ಲ. ನಮ್ಮ ಮನೆಮಂದಿಗೆಲ್ಲ ಇರುವುದು ಒಂದೇ ಹಳೇ ಲ್ಯಾಪ್‌ಟಾಪ್: ಲಿನಕ್ಸ್, ಇಂಟೆಲ್ ಗ್ರಾಫಿಕ್ಸ್, 4 ಜಿಬಿ ಮೆಮೊರಿ. ಆ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ. ಇರುವ 4 ಜಿಬಿಯಲ್ಲೇ ಪಾಲು ಪಡೆದು ಸಂಸಾರ ತೂಗಿಸುತ್ತದೆ. ಅತ್ತೆಯವರ ಸೀರಿಯಲ್ಲೂ ಅದರಲ್ಲೇ. ನಾನು ಗ್ರಾಫಿಕ್ಸ್ ಡ್ರೈವರ್ ಕೋಡ್ ತೆರೆಯುವವರೆಗೆ ಎಲ್ಲರೂ ನೆಮ್ಮದಿಯಾಗಿದ್ದರು.

ಚಿತ್ರ ಮೂಡಿಸಲು ಡ್ರೈವರ್‌ಗೆ ಬಫರ್, ಅಂದರೆ ಮೆಮೊರಿಯ ತುಂಡು, ಬೇಕು. ಪ್ರತಿ ಸಲ ಕರ್ನಲ್ ಬಳಿ ಹೊಸದು ಕೇಳಿದರೆ, ಅದು ಮೆಮೊರಿ ಪುಟಗಳನ್ನು ಹುಡುಕಿ, ಸೊನ್ನೆ ತುಂಬಿ ಕೊಡುವಷ್ಟರಲ್ಲಿ ತಡವಾಗುತ್ತದೆ. ಕೀತ್ ಪ್ಯಾಕರ್ಡ್, ಎರಿಕ್ ಆನ್‌ಹೋಲ್ಟ್ ಮೊದಲಾದ ಇಂಟೆಲ್ ಎಂಜಿನಿಯರುಗಳು 2008ರಲ್ಲಿ ಬಫರುಗಳನ್ನು ನೋಡಿಕೊಳ್ಳಲು ಜೆಮ್ ಎಂಬ ವ್ಯವಸ್ಥೆ ತಂದರು. ಅದರ ಜೊತೆಗಿರುವ ಲೈಬ್ರರಿ ಲಿಬ್‌ಡಿಆರ್‌ಎಮ್, ಬಳಸಿ ಬಿಟ್ಟ ಬಫರುಗಳನ್ನು ಅಳತೆವಾರು ಎತ್ತಿಟ್ಟು ಮತ್ತೆ ಕೊಡುತ್ತದೆ. ಒಂದು ಸೆಕೆಂಡಿನ ಆಚೆಗೂ ಯಾರೂ ಕೇಳದಿದ್ದರೆ ಕರ್ನಲ್‌ಗೆ ವಾಪಸ್.

‘ಒಂದೇ ಸೆಕೆಂಡಾ? ಎಂಥ ಜಿಪುಣರಪ್ಪ!’ ಎನಿಸಿತು. ವಾಪಸ್ ಕೊಡುವ ಸಾಲು ತೆಗೆದೆ. ಅಳತೆಗಳ ಉದ್ದ ಪಟ್ಟಿ ಕಿತ್ತು ಎರಡರ ಘಾತಗಳನ್ನಷ್ಟೇ ಉಳಿಸಿದೆ. ‘ಈ ಬಫರ್ ಇನ್ನೂ ಜಿಪಿಯು ಕೈಯಲ್ಲಿದೆಯೇ’ ಎಂದು ಕೇಳಿ ಕಾಯುವ ಸಾಲು ಬರೀ ಅನುಮಾನದ ಪಿಶಾಚಿಯಂತೆ ಕಂಡಿತು, ಅದನ್ನೂ ಓಡಿಸಿದೆ. ಹಲ್ಲುಚಕ್ರ ತಿರುಗಿಸಿ ತೋರಿಸುವ ಜಿಎಲ್‌ಎಕ್ಸ್‌ಗೇರ್ಸ್ ಸರಭರ ತಿರುಗಿತು. ಅದರ ವೇಗ ನೋಡಿ ಡ್ರೈವರ್ ಅಳೆಯಬಾರದೆಂದು ಈ ಕಸುಬಿನವರಿಗೆಲ್ಲ ಗೊತ್ತು. ಅಂದು ನನಗೊಬ್ಬನಿಗೆ ಮರೆತಿತ್ತು.

ಸಂಜೆ ಅತ್ತೆಯವರ ಸೀರಿಯಲ್ ಶುರುವಾಯಿತು. ಅದೇ ಬ್ರೌಸರಿನ ಪಕ್ಕದ ಕಿಟಕಿಯಲ್ಲಿ ನಾನು ಕರೆಂಟ್ ಬಿಲ್ ತೆರೆದೆ.

“ಅಳಿಯಂದ್ರೇ, ಈ ಹುಡುಗಿ ಹಣೆ ಮೇಲೆ ‘ಪಾವತಿಸಬೇಕಾದ ಮೊತ್ತ’ ಅಂತ ಬರ್ತಿದೆಯಲ್ಲ, ಇದೂ ಕಥೇಲೇ ಇದೆಯಾ?”

ಇರಲಿಲ್ಲ. ಜಿಪಿಯು ಇನ್ನೂ ಓದುತ್ತಿದ್ದ ಬಫರನ್ನೇ ಡ್ರೈವರ್ ಖಾಲಿಯೆಂದು ಎತ್ತಿ ಕೊಟ್ಟಿತ್ತು. ಸಿಪಿಯು ಅದರ ಮೇಲೆ ಬಿಲ್ ಬರೆದಿತ್ತು. ನಾಯಕಿ ಅತ್ತಳು, ಯೂನಿಟ್ ದರ ಅವಳ ಕೆನ್ನೆ ಮೇಲೆ ಇಳಿಯಿತು.

ಘಾತಗಳ ಪ್ರತಾಪ ಇನ್ನೂ ದೊಡ್ಡದು. 2048x2048 ಟೆಕ್ಸ್‌ಚರ್‌ಗೆ, ಪಿಕ್ಸೆಲ್ಲಿಗೆ 4 ಬೈಟಿನಂತೆ, ಸರಿಯಾಗಿ 16 ಎಂಬಿ. ಅದರದೇ ಕಿರಿಯ ಪ್ರತಿಗಳಾದ ಮಿಪ್‌ಮ್ಯಾಪ್ ಸೇರಿದರೆ 21 ಚಿಲ್ಲರೆ. ನನ್ನ ಪಟ್ಟಿಯಲ್ಲಿ 16 ಬಿಟ್ಟರೆ 32. ಹತ್ತು ಎಂಬಿ ನೀರುಪಾಲು. ಲಿಬ್‌ಡಿಆರ್‌ಎಮ್ ಬರೆದವರೂ ಮೊದಲು ಎರಡರ ಘಾತವನ್ನೇ ಹಿಡಿದು, ಪೋಲಾಗುವುದನ್ನು ಕಂಡು, ನಡುನಡುವೆ ಮೂರು ಮೂರು ಅಳತೆ ಸೇರಿಸಿದ್ದರು. ಹಾಗೆಂದು ಕಾಮೆಂಟಿನಲ್ಲೇ ಬರೆದಿದ್ದರು. ನಾನು ಕಾಮೆಂಟನ್ನೂ ಅಳಿಸಿದ್ದೆ.

ಬಫರುಗಳು ಬೆಳೆದವು, ಒಂದೂ ಹಿಂದಿರುಗಲಿಲ್ಲ, ಮೆಮೊರಿ ತುಂಬಿತು. ಆಗ ಲಿನಕ್ಸಿನ ಓಓಎಮ್ ಕಿಲ್ಲರ್ ಹೆಚ್ಚು ತಿಂದವನನ್ನು ಹುಡುಕಿ ಮುಗಿಸುತ್ತದೆ. ಆದರೆ ಮ್ಯಾಪ್ ಆಗದ ಗ್ರಾಫಿಕ್ಸ್ ಬಫರ್ ತಿಂದವನ ಲೆಕ್ಕಕ್ಕೆ ಬರುವುದಿಲ್ಲ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ಸತ್ತಿದ್ದು ನನ್ನ ಎಡಿಟರ್. ಅದರಲ್ಲಿ ಈ ಸುಧಾರಣೆಯ ಹೆಗ್ಗಳಿಕೆ ಬಣ್ಣಿಸುವ ಪತ್ರವಿತ್ತು, ಸೇವ್ ಮಾಡಿರಲಿಲ್ಲ. ಲೋಕಕ್ಕೆ ಆದ ಉಪಕಾರ ಅದೊಂದೇ.

ಮೆಮೊರಿ ಕೇಳಿ ಪಡೆಯುವುದು ಯಾರಿಗಾದರೂ ಬರುತ್ತದೆ; ಯಾವಾಗ ಬಿಡಬೇಕು ಎಂಬುದೇ ವಿದ್ಯೆ. ಹಳೇ ಕೋಡಿನಲ್ಲಿ ದಡ್ಡತನದಂತೆ ಕಾಣುವ ಸಾಲು ಸಿಕ್ಕರೆ, ಅಳಿಸುವ ಮುನ್ನ ಅದರ ಮೇಲಿನ ಕಾಮೆಂಟ್ ಓದಿ. ಆಮೇಲೂ ಕೈ ತಡೆಯದಿದ್ದರೆ, ದಯವಿಟ್ಟು ಬೇರೊಂದು ಲ್ಯಾಪ್‌ಟಾಪ್ ಕೊಂಡು ಸುಧಾರಿಸಿ.